ಒಂದೇ ಪ್ಯಾಕೇಜ್ ಎರಡೆರಡು ಸಲ: ಡಿಎನ್‌ಎಫ್‌ನ 'ರಿಮೂವ್ ಡುಪ್ಲಿಕೇಟ್ಸ್' ಬಳಸಿ ನೋಡಿದೆ

ಮೊದಲೇ ಅಂಕ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು. ಪುರಸೊತ್ತು ಇಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಮ್ಮ ಫೆಡೋರಾ (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್) ಅಪ್‌ಗ್ರೇಡ್ ಈಗಷ್ಟೇ ಅರ್ಧಕ್ಕೆ ನಿಂತು, ನೀವು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ ಮುಂದೆ ಓದಿ. ಇದು ನಿಮಗೇ ಬರೆದದ್ದು.

ನಾನು ಅಂಕ ಕೊಡುತ್ತಿರುವುದು ಇಡೀ ಫೆಡೋರಾಗೆ ಅಲ್ಲ. ಅದರಲ್ಲಿ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರ್ ಡಿಎನ್‌ಎಫ್‌ಗೂ ಪೂರ್ತಿ ಅಲ್ಲ. ಅದರೊಳಗಿನ ಒಂದೇ ಒಂದು ಕಮಾಂಡ್‌ಗೆ: ಸುಡೋ ಡಿಎನ್‌ಎಫ್ ರಿಮೂವ್ --ಡುಪ್ಲಿಕೇಟ್ಸ್. ಒಂದೇ ಪ್ಯಾಕೇಜ್‌ನ ಎರಡು ಆವೃತ್ತಿ ಉಳಿದಿದ್ದರೆ ಹಳೇದನ್ನು ತೆಗೆಯುವುದು ಇದರ ಕೆಲಸ. ಇಲ್ಲಿ ಕಮಾಂಡ್‌ಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ, ಅದಕ್ಕೆ ಇನ್ನೂ ಕನ್ನಡ ಬರುವುದಿಲ್ಲ.

ಆಗಿದ್ದು ಇಷ್ಟು. ಫೆಡೋರಾ 40 ಬಂದಿದ್ದು 2024ರ ಏಪ್ರಿಲ್ 23ಕ್ಕೆ. ಬಂದ ದಿನವೇ ಹಾಕಿಕೊಳ್ಳುವ ಶೂರ ನಾನಲ್ಲ, ಒಂದು ತಿಂಗಳು ಕಾದೆ. ಮೇ ಕೊನೆಯಲ್ಲಿ ಒಂದು ಸಂಜೆ ಸಾಗರದ ಮನೆಯಲ್ಲಿ ಕೂತು, ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಎರಡು ಜಿಬಿಗಿಂತ ಸ್ವಲ್ಪ ಜಾಸ್ತಿ ಡೌನ್‌ಲೋಡ್ ಮಾಡಿಸಿದೆ. ಡಿಎನ್‌ಎಫ್ ಸಿಸ್ಟಮ್-ಅಪ್‌ಗ್ರೇಡ್ ರೀಬೂಟ್ ಕೊಟ್ಟೆ. ಕಪ್ಪು ಪರದೆ, ಶೇಕಡಾ ಲೆಕ್ಕ ಏರುತ್ತಾ ಹೋಯಿತು. ಹೊರಗೆ ಗುಡುಗು ಶುರುವಾಗಿತ್ತು. ಗುಡುಗಿದರೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಎಂಟು ವರ್ಷದ ಲ್ಯಾಪ್‌ಟಾಪ್‌ನ ಬ್ಯಾಟರಿ ಹತ್ತು ನಿಮಿಷ ಬಂದರೆ ದೊಡ್ಡದು ಅಂತಲೂ ಗೊತ್ತು. ಆದರೂ ಕೊಟ್ಟೆ. ಶೇಕಡಾ ಎಂಬತ್ತರ ಹತ್ತಿರ ಕರೆಂಟ್ ಹೋಯಿತು, ಎಂಬತ್ತೈದರ ಹತ್ತಿರ ಲ್ಯಾಪ್‌ಟಾಪ್ ಕೂಡ ಹೋಯಿತು. ಹಾಗಾಗಿ ತಪ್ಪು ನೂರಕ್ಕೆ ನೂರು ನನ್ನದೇ.

ಒಂಬತ್ತೂವರೆಗೆ ಕರೆಂಟ್ ಬಂತು. ಆನ್ ಮಾಡಿದೆ. ಆಶ್ಚರ್ಯ, ಸರಿಯಾಗಿ ಬೂಟ್ ಆಯಿತು! ಡೆಸ್ಕ್‌ಟಾಪ್ ಬಂತು, ಗ್ನೋಮ್ 46 ಅಂತಲೇ ತೋರಿಸಿತು, ಕನ್ನಡ ಟೈಪ್ ಮಾಡುವ ಕೆಜಿಪಿ ಕೀಲಿಮಣೆಯೂ ಕೆಲಸ ಮಾಡಿತು. ಅಬ್ಬಾ ಪಾರಾದೆ ಅಂದುಕೊಂಡೆ. ಒಂದೇ ಅನುಮಾನ: ಬೂಟ್ ಆದದ್ದು ಮಾತ್ರ ಹಳೇ ಕರ್ನಲ್‌ನಲ್ಲಿ (ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು). ಅದರ ಹೆಸರಿನ ಬಾಲದಲ್ಲಿ ಎಫ್‌ಸಿ39 ಅಂತಲೇ ಇತ್ತು. ಆ ಎಫ್‌ಸಿ ಅಂದರೆ ಫೆಡೋರಾ ಕೋರ್. 2007ರಲ್ಲಿ ಫೆಡೋರಾ 7 ಬಂದಾಗಲೇ 'ಕೋರ್' ಅನ್ನುವ ಹೆಸರು ಬಿಟ್ಟರು, ಆದರೆ ಪ್ಯಾಕೇಜ್‌ಗಳ ಬಾಲದಲ್ಲಿ ಅದು ಇನ್ನೂ ಹಾಗೇ ನೇತಾಡುತ್ತಿದೆ. ಇವತ್ತಿನ ಕಥೆಗೆ ಅದೇ ಉಪಯೋಗಕ್ಕೆ ಬಂತು, ಯಾವುದು ಹಳೇದು ಯಾವುದು ಹೊಸದು ಅಂತ ಬಾಲ ನೋಡಿದರೆ ಸಾಕು.

ಡಿಎನ್‌ಎಫ್ ರಿಪೋಕ್ವೆರಿ --ಡುಪ್ಲಿಕೇಟ್ಸ್ ಹೊಡೆದೆ. ಪರದೆ ತುಂಬಾ ಓಡಿತು, ನಿಲ್ಲಲೇ ಇಲ್ಲ. ಎಣಿಸಿ ನೋಡಿದರೆ 1,238 ಸಾಲು. ಬ್ಯಾಷ್ ಎರಡು, ಸಿಸ್ಟಮ್‌ಡಿ ಎರಡು, ಫೈರ್‌ಫಾಕ್ಸ್ ಎರಡು. ಒಂದಕ್ಕೆ 39ರ ಬಾಲ, ಇನ್ನೊಂದಕ್ಕೆ 40ರ ಬಾಲ. ಒಟ್ಟು 619 ಜೋಡಿ.

ಯಾಕೆ ಹೀಗಾಗುತ್ತದೆ ಅಂತ ಒಂದು ನಿಮಿಷ ಹೇಳಬೇಕು, ಇದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ನಾವು ಅಂದುಕೊಳ್ಳುವುದು ಒಂದು ಪ್ಯಾಕೇಜ್‌ನ ಹಳೇದನ್ನು ತೆಗೆದು, ಆ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗುತ್ತದೆ ಅಂತ. ಆರ್‌ಪಿಎಂ, ಅಂದರೆ ಡಿಎನ್‌ಎಫ್‌ನ ಕೆಳಗೆ ಕೂತು ಪ್ಯಾಕೇಜ್‌ಗಳನ್ನು ನಿಜಕ್ಕೂ ಹಾಕಿ ತೆಗೆಯುವ ಪ್ರೋಗ್ರಾಂ, ಹಾಗೆ ಮಾಡುವುದಿಲ್ಲ. ಮೊದಲು ಹೊಸದನ್ನೆಲ್ಲ ಹಾಕುತ್ತದೆ, ಎಲ್ಲ ಬಂದು ಕೂತ ಮೇಲೆ ಹಳೇದನ್ನು ಒಂದೊಂದಾಗಿ ತೆಗೆಯುತ್ತದೆ. ಪರದೆ ಮೇಲೆ 'ಕ್ಲೀನಪ್' ಅಂತ ಬರುವುದು ಈ ಎರಡನೇ ಸುತ್ತು. ನನ್ನ ಲ್ಯಾಪ್‌ಟಾಪ್ ಕಣ್ಣು ಮುಚ್ಚಿದ್ದು ಈ ಸುತ್ತಿನ ನಡುವೆ. ಅದಕ್ಕೇ ಬೂಟ್ ಆಯಿತು, ಅದಕ್ಕೇ ಜೋಡಿ ಜೋಡಿ ಉಳಿಯಿತು.

ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಇದು ಪಹಣಿ ವ್ಯವಹಾರ. ಜಮೀನು ಮಾರಿ ಆಗಿದೆ, ಹೊಸ ಮಾಲೀಕ ಬಂದು ಅಡಿಕೆ ಸಸಿಯನ್ನೂ ನೆಟ್ಟಿದ್ದಾನೆ, ಆದರೆ ಪಹಣಿಯಲ್ಲಿ ಹಳೇ ಮಾಲೀಕನ ಹೆಸರು ಹೊಡೆದುಹಾಕಿಲ್ಲ. ಡಿಸ್ಕ್ ಮೇಲೆ ಕೂತಿರುವ ಫೈಲುಗಳು ಬಹುಪಾಲು ಹೊಸದರವೇ, ಒಂದೇ ಹೆಸರಿನ ಫೈಲ್ ಆದರೆ ಹೊಸದು ಹಳೇದರ ಮೇಲೆ ಕೂತಾಗಿದೆ. ಆರ್‌ಪಿಎಂ ಡೇಟಾಬೇಸ್‌ನಲ್ಲಿ ಮಾತ್ರ ಇಬ್ಬರ ಹೆಸರೂ ಇದೆ. ಹಾಗೇ ಬಿಟ್ಟರೆ ಏನಾಗುತ್ತದೆ? ಇವತ್ತು ಏನೂ ಆಗುವುದಿಲ್ಲ. ನಾಳೆ ಅಪ್‌ಡೇಟ್ ಕೊಟ್ಟಾಗ ಹಳೇ ಮಾಲೀಕ ತಕರಾರು ತೆಗೆಯುತ್ತಾನೆ: ನನಗೆ ಇಂಥ ಲೈಬ್ರರಿಯ ಹಳೇ ಆವೃತ್ತಿಯೇ ಬೇಕು, ಅದನ್ನು ತೆಗೆಯಲು ಬಿಡುವುದಿಲ್ಲ ಅಂತ.

ಭಾವಮೈದನಿಗೆ ಫೋನ್ ಮಾಡಿದೆ. ಶಿವಮೊಗ್ಗದಲ್ಲಿದ್ದಾನೆ, ಸರ್ವರ್ ನೋಡಿಕೊಳ್ಳುವ ಕೆಲಸ.

"ಭಾವ, ಫಾರ್ಮ್ಯಾಟ್ ಹೊಡೆದುಬಿಡಿ, ಅರ್ಧ ಗಂಟೆ ಕೆಲಸ."

"ಸುಮ್ನಿರು ಮಾರಾಯ, ಫಾರ್ಮ್ಯಾಟ್ ಅರ್ಧ ಗಂಟೆ, ಆಮೇಲೆ ಎಲ್ಲ ಮೊದಲಿನ ಹಾಗೆ ಜೋಡಿಸೋದು ಯಾರು?"

"ಹಾಗಿದ್ರೆ ಆರ್‌ಪಿಎಂನಲ್ಲಿ ನೋಡೆಪ್ಸ್ ಹಾಕಿ 39 ಅಂತ ಇರೋದನ್ನೆಲ್ಲ ಒಂದೇ ಸಲ ಎಳೆದುಬಿಡಿ."

ಇದನ್ನು ಮಾಡಬೇಡಿ. ನಾನೂ ಮಾಡಲಿಲ್ಲ. 39ರ ಬಾಲ ಇರುವುದೆಲ್ಲ ಡುಪ್ಲಿಕೇಟ್ ಅಲ್ಲ. ಕೆಲವು ಪ್ಯಾಕೇಜ್‌ಗಳು ಫೆಡೋರಾ 40ರಲ್ಲಿ ಹೊಸದಾಗಿ ಕಟ್ಟಿಯೇ ಇರುವುದಿಲ್ಲ, ಹಳೇ ಬಾಲ ಇಟ್ಟುಕೊಂಡೇ ಹೊಸ ಮನೆಗೆ ಬಂದಿರುತ್ತವೆ. ಅವಕ್ಕೆ ಜೋಡಿ ಇಲ್ಲ, ಇರುವುದೊಂದೇ. ಜೊತೆಗೆ ನಾನು ಆಗ ಓಡಿಸುತ್ತಿದ್ದ ಕರ್ನಲ್ಲೇ 39ರದು! ಅದನ್ನೂ ಎಳೆದಿದ್ದರೆ ಮುಂದಿನ ಬೂಟ್‌ಗೆ ದೇವರೇ ಗತಿ. ನೋಡೆಪ್ಸ್ ಅಂದರೆ ಯಾರು ಯಾರನ್ನು ನಂಬಿಕೊಂಡಿದ್ದಾರೆ ಅಂತ ಕೇಳಲೇಬೇಡ ಅಂತ ಅರ್ಥ, ಅಷ್ಟು ಧೈರ್ಯ ನನಗಿಲ್ಲ.

ಡಿಎನ್‌ಎಫ್‌ನ ಈ ಕಮಾಂಡ್ ನನಗೆ ಇಷ್ಟವಾಗಿದ್ದೇ ಈ ಕಾರಣಕ್ಕೆ. ಅದು ಬಾಲ ನೋಡುವುದಿಲ್ಲ. ಹೆಸರು ಮತ್ತು ಆರ್ಕಿಟೆಕ್ಚರ್ ಎರಡೂ ಒಂದೇ ಆಗಿದ್ದು, ಆವೃತ್ತಿ ಬೇರೆ ಇದ್ದರೆ ಮಾತ್ರ ಜೋಡಿ ಅಂತ ಹಿಡಿಯುತ್ತದೆ. ಹಾಗಾಗಿ ಸ್ಟೀಮ್‌ಗೋ ವೈನ್‌ಗೋ ಅಂತ ನೀವು ಹಾಕಿಕೊಂಡ 32 ಬಿಟ್‌ನ ಜಿಲಿಬ್‌ಸಿ (ಬಹುತೇಕ ಪ್ರೋಗ್ರಾಂಗಳಿಗೆ ಬೇಕಾಗುವ ಮೂಲ ಲೈಬ್ರರಿ) ಹಾಗೂ 64 ಬಿಟ್‌ನ ಜಿಲಿಬ್‌ಸಿ ಅದರ ಲೆಕ್ಕದಲ್ಲಿ ಡುಪ್ಲಿಕೇಟ್ ಅಲ್ಲ. ಕರ್ನಲ್‌ಗಳನ್ನೂ ಮುಟ್ಟುವುದಿಲ್ಲ, ಅವು ಒಟ್ಟೊಟ್ಟಿಗೆ ಇರಲೆಂದೇ ಇರುವವು, ಫೆಡೋರಾದಲ್ಲಿ ಸಾಮಾನ್ಯವಾಗಿ ಮೂರು. ಆರ್‌ಪಿಎಂ -ಕ್ಯೂಎ ಹೊಡೆದಾಗ ಜಿಪಿಜಿ-ಪಬ್‌ಕೀ ಅಂತ ನಾಲ್ಕೈದು ಸಾಲು ಕಂಡು ಗಾಬರಿಯಾದವರನ್ನು ನೋಡಿದ್ದೇನೆ. ಅವು ರಿಪೊಸಿಟರಿಗಳ, ಅಂದರೆ ಪ್ಯಾಕೇಜ್‌ಗಳು ಇಳಿದು ಬರುವ ಆನ್‌ಲೈನ್ ಉಗ್ರಾಣಗಳ, ಸಹಿ ಪರೀಕ್ಷಿಸುವ ಕೀಲಿಗಳು ಅಷ್ಟೇ, ಬಿಟ್ಟುಬಿಡಿ.

ಇನ್ನೊಂದು ವಿಷಯ. ಈ ಕಮಾಂಡ್ ಹಳೇದನ್ನು ತೆಗೆದು ಸುಮ್ಮನಾಗುವುದಿಲ್ಲ, ಉಳಿದ ಹೊಸದನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡುತ್ತದೆ. ಮೊದಲು ನನಗೆ ಇದು ದಂಡ ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಅಪ್‌ಗ್ರೇಡ್ ನಡುವೆ ನಿಂತರೆ ಉಳಿಯುವುದು ಹಳೇ ಹೆಸರುಗಳಷ್ಟೇ ಅಲ್ಲ, ಕೊನೆಯಲ್ಲಿ ಓಡಬೇಕಿದ್ದ ಸ್ಕ್ರಿಪ್ಟ್‌ಗಳೂ ಓಡಿರುವುದಿಲ್ಲ. ಮತ್ತೆ ಇನ್‌ಸ್ಟಾಲ್ ಆದಾಗ ಆ ಪ್ಯಾಕೇಜ್‌ಗಳ ಸ್ಕ್ರಿಪ್ಟ್‌ಗಳು ಓಡುತ್ತವೆ, ಅಕಸ್ಮಾತ್ ಫೈಲ್ ಕೆಟ್ಟಿದ್ದರೆ ಅದೂ ಸರಿಯಾಗುತ್ತದೆ. ಕೈಯಲ್ಲಿ ಒಂದೊಂದೇ ಆರ್‌ಪಿಎಂ -ಇ ಹೊಡೆಯುತ್ತಾ ಕೂತರೆ ಈ ರಿಪೇರಿ ಆಗುವುದಿಲ್ಲ.

ಆದರೆ ನಾನು ಕಳೆದ ಆ ಒಂದು ಅಂಕವೂ ಇಲ್ಲಿಯದೇ. ಮತ್ತೆ ಇನ್‌ಸ್ಟಾಲ್ ಮಾಡಬೇಕು ಅಂದರೆ ಮತ್ತೆ ಡೌನ್‌ಲೋಡ್ ಆಗಬೇಕು. ಅಪ್‌ಗ್ರೇಡ್‌ಗೆ ಅಂತ ಇಳಿಸಿದ್ದ ಎರಡು ಜಿಬಿ ವಾರ್-ಲಿಬ್-ಡಿಎನ್‌ಎಫ್ ಒಳಗೆ ಸಿಸ್ಟಮ್-ಅಪ್‌ಗ್ರೇಡ್ ಫೋಲ್ಡರ್‌ನಲ್ಲಿ ಹಾಗೇ ಬಿದ್ದಿದೆ, ಈ ಕಮಾಂಡ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಲೆಕ್ಕದ ಡೇಟಾದ ಮೊಬೈಲ್ ಪ್ಲಾನ್ ಇಟ್ಟುಕೊಂಡವನಿಗೆ ಎಷ್ಟು ಉರಿಯುತ್ತದೆ ಹೇಳಿ. ಫೈಬರ್ ಇರುವವರಿಗೆ ಇದು ತೊಂದರೆ ಅಂತಲೇ ಅನ್ನಿಸಲಿಕ್ಕಿಲ್ಲ, ಅವರು ಐದಕ್ಕೆ ಐದು ಕೊಟ್ಟುಕೊಳ್ಳಲಿ.

ಡೇಟಾ ಮುಗಿದಿತ್ತು, ಮಳೆ ನಿಂತಿರಲಿಲ್ಲ, ಬ್ಯಾಟರಿ ಅಂತೂ ಗೊತ್ತೇ ಇದೆ. ಮರುದಿನ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಶಿವಮೊಗ್ಗ ಬಸ್ ಹತ್ತಿದೆ. ಭಾವಮೈದನ ಮನೆಯಲ್ಲಿ ಇನ್ವರ್ಟರೂ ಇದೆ, ವೈಫೈಯೂ ಇದೆ.

ಮೊದಲು ಮಾಡಿದ ಕೆಲಸ, ಆರ್‌ಪಿಎಂ ಡೇಟಾಬೇಸ್ ಇರುವ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದ್ದು. ಫೆಡೋರಾ 36ರಿಂದ ಅದು ಯುಎಸ್‌ಆರ್-ಲಿಬ್-ಸಿಸ್‌ಇಮೇಜ್ ಒಳಗಿದೆ. ಎರಡನೆಯದು, ಡೆಸ್ಕ್‌ಟಾಪ್ ಬಿಟ್ಟು ಹೊರಗೆ ಬಂದದ್ದು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರೀ ಅಕ್ಷರದ ಪರದೆಗೆ ಹೋಗಿ ಅಲ್ಲಿ ಲಾಗಿನ್ ಆದೆ. ಇದು ಅತಿ ಎಚ್ಚರಿಕೆ ಅಲ್ಲ. 2016ರ ಅಕ್ಟೋಬರ್‌ನಲ್ಲಿ ಫೆಡೋರಾ 24ರಲ್ಲಿ ಒಂದು ಅಪ್‌ಡೇಟ್ ನಡುವೆ ಕೆಲವರ ಡೆಸ್ಕ್‌ಟಾಪೇ ಕುಸಿದು, ಅದರೊಳಗಿನ ಟರ್ಮಿನಲ್ ಸತ್ತು, ಟರ್ಮಿನಲ್ ಜೊತೆ ಡಿಎನ್‌ಎಫ್ ಕೂಡ ಸತ್ತು, ಕೊನೆಗೆ ಉಳಿದದ್ದು ಇದೇ ಜೋಡಿ ಪ್ಯಾಕೇಜ್‌ಗಳ ರಾಶಿ. ಡೆಸ್ಕ್‌ಟಾಪ್ ಒಳಗೆ ಕೂತು ಅಪ್‌ಡೇಟ್ ಮಾಡಬೇಡಿ ಅಂತ ಆಗ ಫೆಡೋರಾದವರೇ ಎಚ್ಚರಿಸಿದ್ದರು.

ಮೂರನೆಯದು, ಕಮಾಂಡ್‌ನ ಕೊನೆಗೆ --ಅಸ್ಯೂಮ್‌ನೋ ಸೇರಿಸಿ ಒಂದು ಸಲ ಓಡಿಸಿದ್ದು. ಏನೇನು ಮಾಡುತ್ತೇನೆ ಅಂತ ಪಟ್ಟಿ ಪೂರ್ತಿ ತೋರಿಸಿ, ಕೊನೆಗೆ ತಾನೇ 'ಬೇಡ' ಅಂತ ಉತ್ತರ ಕೊಟ್ಟುಕೊಂಡು ಹೊರಬರುತ್ತದೆ. ಆಟದ ಗುಂಡು ಹಾರಿಸಿ ನೋಡಿದ ಹಾಗೆ.

ಓಡಿಸಿದರೆ ಪಟ್ಟಿಯೇ ಬರಲಿಲ್ಲ, ಬೈಗುಳ ಬಂತು. ಸುಡೋ, ಸಿಸ್ಟಮ್‌ಡಿ ಇವೆಲ್ಲ ರಕ್ಷಿತ ಪ್ಯಾಕೇಜ್‌ಗಳು, ನೀನು ಹೇಳಿದ ಕೆಲಸ ಮಾಡಿದರೆ ಅವನ್ನು ತೆಗೆದ ಹಾಗಾಗುತ್ತದೆ, ಆಗುವುದಿಲ್ಲ ಹೋಗು ಅಂತ. ಇಲ್ಲಿ ಬಹಳ ಜನ ಕೈಚೆಲ್ಲುತ್ತಾರೆ. ನಿಜ ಏನು ಅಂದರೆ, ಯಾರಾದರೂ ಗೊತ್ತಿಲ್ಲದೆ ಸಿಸ್ಟಮ್‌ಡಿ ಕಿತ್ತುಹಾಕದ ಹಾಗೆ ಡಿಎನ್‌ಎಫ್ ಇಟ್ಟಿರುವ ಕಾವಲುಗಾರ ಅದು. ಒಳ್ಳೆಯ ಕಾವಲುಗಾರನೇ. ಎರಡು ಸಿಸ್ಟಮ್‌ಡಿ ಇವೆ, ಹೊಸದು ಉಳಿಯುತ್ತದೆ, ಹೋಗುವುದು ಹಳೇದು ಮಾತ್ರ ಅನ್ನುವಷ್ಟು ಬುದ್ಧಿ ಅವನಿಗಿಲ್ಲ ಅಷ್ಟೇ. ಆ ಒಂದು ಕಮಾಂಡ್‌ಗೆ ಮಾತ್ರ --ಸೆಟ್‌ಆಪ್ಟ್=ಪ್ರೊಟೆಕ್ಟೆಡ್_ಪ್ಯಾಕೇಜಸ್= ಅಂತ ಖಾಲಿ ಬಿಟ್ಟು ಅವನನ್ನು ಪಕ್ಕಕ್ಕೆ ನಿಲ್ಲಿಸಿದೆ. ಅಸ್ಯೂಮ್‌ನೋ ಹಾಗೇ ಇತ್ತು. ಈಗ ಪಟ್ಟಿ ಬಂತು.

ಪಟ್ಟಿಯನ್ನು ನಿಧಾನಕ್ಕೆ ಓದಿ. ನಾನು ಕಾಫಿ ಕುಡಿಯುತ್ತಾ ಓದಿದೆ, ಭಾವಮೈದ ಪಕ್ಕದಲ್ಲಿ ಕೂತು ಆಕಳಿಸುತ್ತಿದ್ದ. ನೋಡಬೇಕಾದ್ದು ಇಷ್ಟೇ: ತೆಗೆಯುವ ಭಾಗದಲ್ಲಿ ಇರುವುದೆಲ್ಲ ಹಳೇ ಆವೃತ್ತಿಗಳಾ, ಆ ಪ್ರತಿಯೊಂದರ ಹೊಸದು ಮತ್ತೆ ಇನ್‌ಸ್ಟಾಲ್ ಆಗುವ ಭಾಗದಲ್ಲಿ ಇದೆಯಾ. ಒಂದೆರಡಕ್ಕೆ, ಇನ್‌ಸ್ಟಾಲ್ ಆಗಿರುವ ಪ್ಯಾಕೇಜ್ ರಿಪೊಸಿಟರಿಯಲ್ಲಿ ಸಿಗುತ್ತಿಲ್ಲ ಅಂತ ಸಾಲು ಬಂತು. ಅದಕ್ಕೆ ಹೆದರಬೇಕಿಲ್ಲ. ನಡುವೆ ಇನ್ನೂ ಹೊಸ ಅಪ್‌ಡೇಟ್ ಬಂದರೆ ಅದೇ ಆವೃತ್ತಿ ಸಿಗದೆ ಹೋಗಬಹುದು, ಆಗ ಮತ್ತೆ ಇನ್‌ಸ್ಟಾಲ್ ಮಾಡುವುದಿಲ್ಲ, ಹಳೇದನ್ನು ಮಾತ್ರ ತೆಗೆಯುತ್ತದೆ.

ಅಸ್ಯೂಮ್‌ನೋ ತೆಗೆದು ಓಡಿಸಿದೆ. ಡೌನ್‌ಲೋಡ್ ಸೇರಿ ಮುಕ್ಕಾಲು ಗಂಟೆ. ಕರೆಂಟ್ ಹೋಗಲಿಲ್ಲ, ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟ್ ಯಾವತ್ತೂ ಬೇಕಾದಾಗ ಹೋಗುವುದಿಲ್ಲ ಅಲ್ವಾ.

ಮತ್ತೆ ಎಣಿಸಿದರೆ ಎರಡು ಸಾಲು. ಅಂದರೆ ಒಂದು ಜೋಡಿ. 618 ಹೋಗಿತ್ತು, ಒಂದು ಉಳಿದಿತ್ತು.

ಈ ಒಂದರ ಕಥೆಯೇ ಬೇರೆ. ಅದು ಪ್ರಿಂಟರ್‌ನ ಡ್ರೈವರ್, ಫೆಡೋರಾದ್ದಲ್ಲ, ಪ್ರಿಂಟರ್ ಮಾಡುವ ಕಂಪನಿಯ ಸ್ವಂತ ರಿಪೊಸಿಟರಿಯಿಂದ ಬಂದದ್ದು. ಕಂಪನಿ ಹೆಸರು ಬೇಡ ಬಿಡಿ. ಡಿಎನ್‌ಎಫ್ ಹೇಳಿದ್ದು: ಪ್ರಿಅನ್ ಸ್ಕ್ರಿಪ್ಟ್‌ಲೆಟ್ ವಿಫಲವಾಯಿತು. ಪ್ರಿಅನ್ ಅಂದರೆ ಪ್ಯಾಕೇಜ್ ತೆಗೆಯುವ ಮುಂಚೆ ಓಡುವ ಪುಟ್ಟ ಸ್ಕ್ರಿಪ್ಟ್. ಅದು ತಪ್ಪು ಕೊಟ್ಟರೆ ಆರ್‌ಪಿಎಂ ಆ ಪ್ಯಾಕೇಜನ್ನು ತೆಗೆಯುವುದೇ ಇಲ್ಲ. ಹಾಗಾಗಿ ಇದು ಕರೆಂಟ್ ಹೋಗದಿದ್ದರೂ ಉಳಿಯುತ್ತಿತ್ತು. ಅಪ್‌ಗ್ರೇಡ್ ಚೆನ್ನಾಗಿ ಮುಗಿದೂ ಒಂದೇ ಒಂದು ಡುಪ್ಲಿಕೇಟ್ ಉಳಿದಿದೆ, ಹೋಗುತ್ತಲೇ ಇಲ್ಲ ಅನ್ನುವವರ ಕಥೆ ಸುಮಾರಾಗಿ ಇದೇ ಆಗಿರುತ್ತದೆ.

ಇದಕ್ಕೆ ರಿಮೂವ್ ಡುಪ್ಲಿಕೇಟ್ಸ್ ಎಷ್ಟು ಸಲ ಹೊಡೆದರೂ ಪ್ರಯೋಜನ ಇಲ್ಲ, ಪ್ರತಿ ಸಲ ಅದೇ ಸ್ಕ್ರಿಪ್ಟ್, ಅದೇ ಸೋಲು. ಮೊದಲು ಸ್ಕ್ರಿಪ್ಟ್‌ನಲ್ಲಿ ಏನಿದೆ ನೋಡಬೇಕು. ಆರ್‌ಪಿಎಂ -ಕ್ಯೂ --ಸ್ಕ್ರಿಪ್ಟ್ಸ್ ಅಂತ ಹೊಡೆದು, ಮುಂದೆ ಪ್ಯಾಕೇಜ್ ಹೆಸರನ್ನು ಆವೃತ್ತಿ ಸಮೇತ ಕೊಟ್ಟೆ. ಐದಾರು ಸಾಲು. ಅದರಲ್ಲೊಂದು, ಕಂಪನಿಯ ಹಳೇ ಸೇವೆ ನಿಲ್ಲಿಸುವ ಪ್ರೋಗ್ರಾಂ ಒಂದನ್ನು ಕರೆಯುತ್ತಿತ್ತು. ಆ ಪ್ರೋಗ್ರಾಂ ಹೊಸ ಆವೃತ್ತಿಯಲ್ಲಿ ಇಲ್ಲವೇ ಇಲ್ಲ! ಇಲ್ಲದ್ದನ್ನು ಕರೆದು, ಸಿಗದೆ, ಸೋತು, ಬಾಗಿಲಲ್ಲೇ ಅಡ್ಡ ಮಲಗಿಬಿಟ್ಟಿದೆ. ಭಾವಮೈದ ಬಗ್ಗಿ ನೋಡಿ, "ಇದಾ, ಇದನ್ನ ಓಡಿಸದಿದ್ರೆ ಏನೂ ಮುಳುಗಿ ಹೋಗಲ್ಲ ಭಾವ" ಅಂದ. ಈ ಸಲ ಅವನ ಮಾತು ಸರಿಯಿತ್ತು.

ಆರ್‌ಪಿಎಂ -ಇ --ನೋಸ್ಕ್ರಿಪ್ಟ್ಸ್, ಮುಂದೆ ಹಳೇ ಆವೃತ್ತಿಯ ಪೂರ್ತಿ ಹೆಸರು, ಆವೃತ್ತಿ ಸಂಖ್ಯೆ ಸಮೇತ. ಬರೀ ಪ್ಯಾಕೇಜ್ ಹೆಸರು ಕೊಟ್ಟರೆ ಎರಡು ಇವೆ, ಯಾವುದು ಅಂತ ಅದೇ ಜಗಳ ತೆಗೆಯುತ್ತದೆ. ಒಂದು ಸೆಕೆಂಡಿನಲ್ಲಿ ಹೋಯಿತು. ಹಳೇದು ಹೊಸದು ಎರಡಕ್ಕೂ ಸೇರಿದ ಫೈಲುಗಳನ್ನು ಆರ್‌ಪಿಎಂ ಅಳಿಸುವುದಿಲ್ಲ, ಅದಕ್ಕೆ ಇನ್ನೊಬ್ಬ ಮಾಲೀಕ ಇದ್ದಾನೆ ಅಂತ ಬಿಟ್ಟುಬಿಡುತ್ತದೆ. ಆದರೂ ನನ್ನ ಸಮಾಧಾನಕ್ಕೆ ಹೊಸದರ ಮೇಲೆ ಆರ್‌ಪಿಎಂ -ವಿ ಹೊಡೆದೆ, ದೊಡ್ಡ ವಿ. ಏನೂ ಹೇಳಲಿಲ್ಲ. ಆರ್‌ಪಿಎಂ ಏನೂ ಹೇಳದಿದ್ದರೆ ಎಲ್ಲ ಸರಿ ಇದೆ ಅಂತ. ನೋಡೆಪ್ಸ್ ಬೇಕಾಗಲಿಲ್ಲ, ಗಮನಿಸಿ. --ಜಸ್ಟ್‌ಡಿಬಿ ಅಂತ ಇನ್ನೊಂದಿದೆ, ಫೈಲ್ ಮುಟ್ಟದೆ ಪಹಣಿಯಲ್ಲಿ ಮಾತ್ರ ಹೆಸರು ಹೊಡೆಯುವುದು. ಕೊನೇ ಅಸ್ತ್ರ ಅದು. ಹಳೇದರ ಫೈಲುಗಳು ಡಿಸ್ಕ್ ಮೇಲೆ ಅನಾಥವಾಗಿ ಉಳಿದುಬಿಡುತ್ತವೆ.

ಹಳೇ ಕರ್ನಲ್‌ನಲ್ಲಿ ಬೂಟ್ ಆದದ್ದು ನೆನಪಿದೆಯಾ? ಹೊಸ ಕರ್ನಲ್ ಡಿಸ್ಕ್ ಮೇಲೆ ಬಂದಿತ್ತು. ಆದರೆ ಅದಕ್ಕೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಶುರುವಿನಲ್ಲಿ ಕರ್ನಲ್‌ಗೆ ಬೇಕಾಗುವ ಪುಟ್ಟ ಫೈಲ್ ಕಟ್ಟು) ಕಟ್ಟಿ, ಬೂಟ್ ಮೆನುವಿಗೆ ಸೇರಿಸುವ ಕೆಲಸ ನಡೆಯುವುದು ಎಲ್ಲಕ್ಕಿಂತ ಕೊನೆಗೆ, ಕ್ಲೀನಪ್ ಮುಗಿದ ಮೇಲೆ. ಅಲ್ಲಿಗೆ ನಮ್ಮ ಗಾಡಿ ಹೋಗಿರಲೇ ಇಲ್ಲ. ಕರ್ನಲ್ ಈ ಕಮಾಂಡ್‌ನ ಲೆಕ್ಕಕ್ಕೆ ಬರದ ಕಾರಣ ಅದನ್ನು ನಾವೇ ಮಾಡಬೇಕು: ಡಿಎನ್‌ಎಫ್ ರೀಇನ್‌ಸ್ಟಾಲ್ ಕರ್ನಲ್-ಕೋರ್. ಇದನ್ನು ಮರೆತರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ, ನೀವು ತಿಂಗಳುಗಟ್ಟಲೆ ಹಳೇ ಕರ್ನಲ್‌ನಲ್ಲೇ ಓಡಾಡುತ್ತಿರುತ್ತೀರಿ. ಆಮೇಲೆ, ಎಲ್ಲ ಪ್ಯಾಕೇಜ್‌ಗಳನ್ನೂ ರಿಪೊಸಿಟರಿಯ ಆವೃತ್ತಿಗೆ ಸರಿಹೊಂದಿಸಲು, ಡಿಎನ್‌ಎಫ್ ಡಿಸ್ಟ್ರೋ-ಸಿಂಕ್ ಒಂದು ಸಲ.

ಡಿಎನ್‌ಎಫ್‌ಗೂ ಮೊದಲಿದ್ದ ಯಮ್ ಕಾಲದಿಂದ ಇರುವವರು ಕೇಳಬಹುದು, ಡುಪ್ಲಿಕೇಟ್ ತೆಗೆಯಲು ಪ್ಯಾಕೇಜ್-ಕ್ಲೀನಪ್ --ಕ್ಲೀನ್‌ಡ್ಯೂಪ್ಸ್ ಇತ್ತಲ್ಲ ಅಂತ. ಇತ್ತು, ಯಮ್-ಯುಟಿಲ್ಸ್ ಅಂತ ಬೇರೆ ಹಾಕಿಕೊಳ್ಳಬೇಕಿತ್ತು. ಅದರ ಜೊತೆಗೆ ಬರುತ್ತಿದ್ದ, ಅರ್ಧ ನಿಂತ ಕೆಲಸವನ್ನು ಮುಂದುವರಿಸುವ ಯಮ್-ಕಂಪ್ಲೀಟ್-ಟ್ರಾನ್ಸಾಕ್ಷನ್ ಇವತ್ತಿಗೂ ನನಗೆ ನೆನಪಾಗುತ್ತದೆ. ಫೆಡೋರಾ 41ರಿಂದ, ಅಂದರೆ 2024ರ ಅಕ್ಟೋಬರ್ ಕೊನೆಯಿಂದ, ಡಿಎನ್‌ಎಫ್5 ಬಂದಿದೆ. ಹೊಸದಾಗಿ ಬರೆದದ್ದು, ಆಯ್ಕೆಗಳು ಅಲ್ಲಲ್ಲಿ ಬದಲಾಗಿವೆ. ನಾನು ಇಲ್ಲಿ ಬರೆದದ್ದು 39, 40ರ ಕಾಲದ ಡಿಎನ್‌ಎಫ್‌ಗೆ. ನಿಮ್ಮದು ಹೊಸದಾದರೆ ಯಾವುದಕ್ಕೂ ಮೊದಲು --ಹೆಲ್ಪ್ ನೋಡಿಕೊಳ್ಳಿ.

ಉಬುಂಟು ಗೆಳೆಯರಿಗೆ ಈ ರಗಳೆ ಈ ರೂಪದಲ್ಲಿ ಇಲ್ಲ. ಅಲ್ಲಿ ಆರ್‌ಪಿಎಂ ಜಾಗದಲ್ಲಿರುವ ಡಿಪಿಕೆಜಿ ಒಂದೇ ಆರ್ಕಿಟೆಕ್ಚರ್‌ನಲ್ಲಿ ಒಂದು ಹೆಸರಿಗೆ ಎರಡು ಆವೃತ್ತಿ ಇಟ್ಟುಕೊಳ್ಳುವುದೇ ಇಲ್ಲ. ಅವರ ಡುಪ್ಲಿಕೇಟ್ ಬೇರೆ ಥರ: ಉಬುಂಟು 22.04ಕ್ಕೆ ಬಂದ ಮೇಲೆ ಒಂದು ಫೈರ್‌ಫಾಕ್ಸ್ ಸ್ನ್ಯಾಪ್‌ನದು, ತಾವೇ ಸೇರಿಸಿಕೊಂಡ ರಿಪೊಸಿಟರಿಯಿಂದ ಬಂದ ಇನ್ನೊಂದು ಫೈರ್‌ಫಾಕ್ಸ್ ಡೆಬ್‌ನದು (ಸ್ನ್ಯಾಪ್, ಡೆಬ್ ಎರಡೂ ಅಲ್ಲಿನ ಪ್ಯಾಕೇಜ್ ರೂಪಗಳು). ಎರಡರ ಬುಕ್‌ಮಾರ್ಕ್‌ಗಳೂ ಬೇರೆ ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ, ಯಾವುದನ್ನು ದಿನಾ ಬಳಸುತ್ತೀರಿ ಅಂತ ಖಾತ್ರಿ ಮಾಡಿಕೊಂಡು ಇನ್ನೊಂದನ್ನು ತೆಗೆಯಿರಿ.

ಕೊನೆಗೆ ರೀಬೂಟ್ ಮಾಡಿ, ಹೊಸ ಕರ್ನಲ್ ಬಂತಾ ನೋಡಿ, ರಿಮೂವ್ ಡುಪ್ಲಿಕೇಟ್ಸ್ ಇನ್ನೊಂದು ಸಲ ಓಡಿಸಿದೆ. ತೆಗೆಯಲು ಯಾವ ಡುಪ್ಲಿಕೇಟ್ ಪ್ಯಾಕೇಜೂ ಸಿಗಲಿಲ್ಲ ಅಂತ ಹೇಳಿತು. ಡಿಎನ್‌ಎಫ್‌ನಲ್ಲಿ ಇದನ್ನು ಎರರ್ ಅಂತಲೇ ತೋರಿಸುತ್ತಾರೆ, ಎರರ್ ಕಂಡು ಇಷ್ಟು ಖುಷಿಯಾದದ್ದು ನನಗೆ ಇದೇ ಮೊದಲು. ಪ್ರಿಂಟರ್‌ನಲ್ಲಿ ಒಂದು ಹಾಳೆ ಹೊಡೆದು ನೋಡೋಣ ಅಂದರೆ ಪ್ರಿಂಟರ್ ಸಾಗರದಲ್ಲಿತ್ತು. ಸಂಜೆ ಐದೂವರೆ ಬಸ್ಸಿಗೆ ವಾಪಸ್ ಹೊರಟೆ, ದಾರಿಯಲ್ಲಿ ಮತ್ತೆ ಮಳೆ.